ಜನವರಿಗೇ ಇರಲಿ

ಅಕ್ಟೋಬರ್ ಕೊನೆಯ ಭಾನುವಾರ ಮಧ್ಯಾಹ್ನ ಮೇಘಶ್ರೀ ಜರ್ಮನಿಯಿಂದ ಫೋನ್ ಮಾಡಿದಾಗ ಮನೆಯ ಗಂಡಸರು ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಹೆಂಗಸರು ಇನ್ನೂ ಕೂತಿರಲಿಲ್ಲ. ಬಣಕಲ್ಲಿನಿಂದ ಮೂರು ಕಿಲೋಮೀಟರ್ ಒಳಗಿರುವ ಆ ಕಾಫಿ ತೋಟದಲ್ಲಿ ಮುಖ ನೋಡಿ ಮಾತಾಡುವಷ್ಟು ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ. ಸೊಸೆ ರೂಪಶ್ರೀ ಕೈ ಒರೆಸಿಕೊಂಡು ಫೋನ್ ಹಿಡಿದು ಅತ್ತ ನಡೆದಳು. ಅವಳ ಹಿಂದೆ ಅತ್ತೆ ತುಂಗಮ್ಮ, ಅವರ ಹಿಂದೆ ಮಾವ ಮಂಜಯ್ಯ, ಕೊನೆಯಲ್ಲಿ ರೂಪಾಳ ಗಂಡ ನಂದನ್. ಮಗಳು ಮೇಘಾ ನರ್ಸ್ ಕೆಲಸಕ್ಕೆಂದು ಹೋದಾಗಿನಿಂದ ಪ್ರತಿ ಭಾನುವಾರ ಈ ಮೆರವಣಿಗೆ ನಡೆಯುತ್ತಿತ್ತು.

"ಊಟ ಆಯ್ತಾ ಅಮ್ಮ?"

"ಆಗ್ತದೆ."

"ಅಂದ್ರೆ ಆಗಿಲ್ಲ. ಅಪ್ಪಂದು, ಅಣ್ಣಂದು ಆಗಿರ್ತದೆ."

"ನಿನ್ನ ಕೋಣೆಯಲ್ಲಿ ಎಂತ ಅಷ್ಟು ಕತ್ತಲೆ? ಲೈಟ್ ಹಾಕ್ಕೊಳ್ಳೇ."

"ಹಾಕಿದೀನಮ್ಮ. ಇಲ್ಲಿ ಬೆಳಗ್ಗೆ ಒಂಬತ್ತು ಗಂಟೆ, ಇದೇ ಇಲ್ಲಿನ ಹಗಲು. ಡಿಸೆಂಬರಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗಿಬಿಡ್ತದೆ. ಹೋದ ವರ್ಷ ಸೂರ್ಯನ ಮುಖ ನೋಡ್ದೆ ನಂಗೆ ಹುಚ್ಚು ಹಿಡಿಯೋದೊಂದು ಬಾಕಿ ಇತ್ತು. ಅದಕ್ಕೇ ಈ ಸಲ ಒಂದು ಪ್ಲಾನ್ ಮಾಡಿದೀನಿ, ಎಲ್ಲ ಕೇಳಿ."

ಪ್ಲಾನ್ ಇಷ್ಟು. ಜನವರಿ ಹದಿನೇಳರಿಂದ ಅವಳಿಗೆ ರಜೆ. ಅಲ್ಲಿನವರು ಚಳಿ ತಪ್ಪಿಸಿಕೊಳ್ಳಲು ಹೋಗುವ ಹಾಗೆ ಅವಳೂ ಮಾಲ್ಡೀವ್ಸಿನ ಒಂದು ದ್ವೀಪಕ್ಕೆ ಹೋಗುತ್ತಾಳೆ. ಆದರೆ ಒಬ್ಬಳೇ ಅಲ್ಲ. ಮನೆಯವರು ಬೆಂಗಳೂರಿನಿಂದ ವಿಮಾನ ಹತ್ತಿ ಬರಬೇಕು, ಅವಳು ಅಲ್ಲಿಂದ ಬರುತ್ತಾಳೆ. ಎಲ್ಲರೂ ಒಂದು ವಾರ ಒಟ್ಟಿಗೆ ಇರುವುದು. ಖರ್ಚೆಲ್ಲ ಅವಳದು.

"ಊರಿಗೇ ಬಾರೇ. ಸಮುದ್ರದಲ್ಲಿ ಎಂತ ಉಂಟು?" ಎಂದರು ತುಂಗಮ್ಮ.

"ಊರಿಗೆ ಬಂದ್ರೆ ಜನವರೀಲಿ ಕೊಯ್ಲು. ಹೋದ ಸಲ ಹದಿನೈದು ದಿನ ಇದ್ದೆ. ನಾನು ನೋಡಿದ್ದು ನಿನ್ನ ಬೆನ್ನು ಮಾತ್ರ. ಒಲೆ ಮುಂದೆ ನಿನ್ನ ಬೆನ್ನು, ಕಣದಲ್ಲಿ ನಿನ್ನ ಬೆನ್ನು. ಒಂದು ದಿನ ನನ್ನ ಜೊತೆ ತಟ್ಟೆ ಇಟ್ಕೊಂಡು ಕೂತ್ಯಾ? ಅಲ್ಲಿ ನಿಂಗೆ ಅಡಿಗೆಮನೆ ಎಲ್ಲಿದೆ ಅಂತಾನೂ ಗೊತ್ತಾಗಲ್ಲ. ಮನೆ ಇರೋದೇ ನೀರಿನ ಮೇಲೆ. ಮೆಟ್ಲು ಇಳಿದ್ರೆ ಸಮುದ್ರ."

"ನೀರಿನ ಮೇಲೆ ಮನೆ ಬೇಕಾದ್ರೆ ಜುಲೈಲಿ ನಮ್ಮನೆಗೇ ಬಾ. ದುಡ್ಡು ಕೊಡೋದು ಬೇಡ," ಎಂದರು ಮಂಜಯ್ಯ ಹಿಂದಿನಿಂದ. ಎಲ್ಲರೂ ನಕ್ಕರು.

ನಗು ಮುಗಿದ ಮೇಲೆ ಗಂಡಸರು ಬರುವುದಿಲ್ಲವೆಂದು ತೀರ್ಮಾನವಾಯಿತು. ಜನವರಿಯಲ್ಲಿ ರೊಬಸ್ಟಾ ಕಾಫಿಯ ಕೊಯ್ಲು ಶುರುವಾಗುತ್ತದೆ, ಆಗ ತೋಟ ಬಿಡಲಾಗದು. "ಹಾಗಾದ್ರೆ ಅಮ್ಮ, ಅತ್ತಿಗೆ ಇಬ್ರೇ ಬನ್ನಿ. ಅತ್ತಿಗೆ, ನೀವು ಅಮ್ಮನ್ನ ಕರ್ಕೊಂಡು ಬರ್ತೀರ ತಾನೇ?" ಎಂದು ಮೇಘಾ ಕೇಳಿದಳು. ರೂಪಾ ತಕ್ಷಣ "ಹೂಂ" ಎಂದಳು. ಅಷ್ಟು ಬೇಗ ಅಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಸಕಲೇಶಪುರದ ತವರು, ಬಣಕಲ್ಲಿನ ಅತ್ತೆಮನೆ, ಮದುವೆಯಾದ ಹೊಸತರಲ್ಲಿ ಒಮ್ಮೆ ಮೈಸೂರು. ಇದನ್ನು ಬಿಟ್ಟು ಅವಳು ಎಲ್ಲಿಗೂ ಹೋದವಳಲ್ಲ.

ಆ ಸಂಜೆಯೇ ಜಗಳ.

"ಕೊಯ್ಲು ಹೊತ್ತಲ್ಲಿ ಹೆಂಗಸ್ರಿಬ್ರೂ ಸಮುದ್ರದ ದಂಡೇಲಿ ಕೂತ್ರೆ ಆಳುಗಳಿಗೆ ಕಾಫಿ ಯಾರು ಕಾಯಿಸ್ತಾರೆ? ನಮ್ಗೆ ಅನ್ನ ಯಾರು ಹಾಕ್ತಾರೆ?" ಎಂದರು ಮಂಜಯ್ಯ.

ತುಂಗಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಮದುವೆ ಆದಾಗಿಂದ ನಾನು ಕಾಯಿಸಿದ್ದೀನಲ್ಲ. ಒಂದು ವಾರ ನೀವು ಕಾಯ್ಸಿ."

ಮಂಜಯ್ಯ ಮಗನ ಮುಖ ನೋಡಿದರು. ನಂದನ್ ತಟ್ಟೆ ನೋಡಿದ. ಹೆಂಡತಿ ಹಾಗೆ ಎದುರು ಹೇಳಿದ್ದನ್ನು ಮಂಜಯ್ಯ ಎಂದೂ ಕೇಳಿರಲಿಲ್ಲ.

"ನಿಜವಾಗ್ಲೂ ಹೋಗ್ತೀಯ ಹಾಗಾದ್ರೆ?"

"ಮಗಳು ಕರೀತಾ ಇದ್ದಾಳೆ. ಹೋಗ್ತೀನಿ. ಸಮುದ್ರ ನಾನು ಧರ್ಮಸ್ಥಳಕ್ಕೆ ಹೋದಾಗ ಬಸ್ಸಿಂದ ನೋಡಿದ್ದು."

"ಧರ್ಮಸ್ಥಳದ ಹತ್ರ ಸಮುದ್ರ ಎಲ್ಲುಂಟು? ಅದು ನೇತ್ರಾವತಿ ಹೊಳೆ."

"ಹಾಗಾದ್ರೆ ಸಮುದ್ರ ನೋಡೇ ಇಲ್ಲ," ಎಂದರು ತುಂಗಮ್ಮ.

*

ಪಾಸ್‌ಪೋರ್ಟಿಗೆ ಮಂಗಳೂರಿಗೆ ಹೋಗಬೇಕಿತ್ತು. ನವೆಂಬರ್ ಮೊದಲ ವಾರ ನಂದನ್ ಅತ್ತೆ ಸೊಸೆಯರನ್ನು ಕಾರಿನಲ್ಲಿ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿದ. ಕಚೇರಿಯ ಕೆಲಸ ಹನ್ನೊಂದಕ್ಕೆಲ್ಲ ಮುಗಿಯಿತು. ಫೋಟೊ ತೆಗೆಯುವ ಹುಡುಗಿ "ಕೂದಲು ಕಿವಿ ಹಿಂದೆ ಮಾಡಿ ಅಮ್ಮ" ಎಂದಾಗ ತುಂಗಮ್ಮ ತಮ್ಮ ದಪ್ಪ ತುರುಬನ್ನು ಮುಟ್ಟಿ ನೋಡಿಕೊಂಡರು.

ಎರಡು ತಿಂಗಳಿಂದ ಅವರಿಗೆ ಹೊಟ್ಟೆ ಉಬ್ಬರ. ಎರಡು ತುತ್ತಿಗೆ ಸಾಕೆನ್ನಿಸುತ್ತಿತ್ತು. ಮೂಡಿಗೆರೆಯಲ್ಲಿ ಗ್ಯಾಸಿನ ಮಾತ್ರೆ ಕೊಟ್ಟಿದ್ದರು. "ಹೇಗೂ ಮಂಗಳೂರಿಗೆ ಬಂದಿದ್ದೀವಿ, ಒಂದ್ಸಲ ತೋರಿಸಿಬಿಡೋಣ. ದ್ವೀಪದಲ್ಲಿ ಹೊಟ್ಟೆ ಕೆಟ್ರೆ ಕಷ್ಟ," ಎಂದದ್ದು ರೂಪಾ. ಮಧ್ಯಾಹ್ನ ಸ್ಕ್ಯಾನ್ ಆಯಿತು. ಸಂಜೆಯ ಹೊತ್ತಿಗೆ ಡಾಕ್ಟರು ನಂದನ್‌ನನ್ನು ಮಾತ್ರ ಒಳಗೆ ಕರೆದರು.

ಅಂಡಾಶಯದ ಕ್ಯಾನ್ಸರ್. ಹೊಟ್ಟೆಯೊಳಗೆಲ್ಲ ಹರಡಿ ಲಿವರಿಗೂ ಹೋಗಿತ್ತು. ಆಪರೇಷನ್ ಈಗ ಆಗುವಂಥದ್ದಲ್ಲ. ಮೂರು ವಾರಕ್ಕೊಮ್ಮೆ ಕೀಮೊ ಕೊಟ್ಟು ನೋಡಬಹುದು, ಮೈ ತಡೆದುಕೊಂಡರೆ ಕೆಲವು ತಿಂಗಳು ಸಿಗಬಹುದು ಎಂದರು ಡಾಕ್ಟರು. ಇನ್ನೊಂದು ಮಾತು ಅವರು ಸೇರಿಸಿದರು: "ನೋಡಬೇಕಾದವರನ್ನು ಬೇಗ ಕರೆಸಿಕೊಳ್ಳಿ."

ಊರಿಗೆ ಬಂದ ಮೇಲೆ ನಂದನ್ ಅಪ್ಪನನ್ನೂ ಹೆಂಡತಿಯನ್ನೂ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡಿಗೆ ಕರೆದು ಹೇಳಿದ. ಮಂಜಯ್ಯ ಖಾಲಿ ಚೀಲಗಳ ರಾಶಿಯ ಮೇಲೆ ಕೂತುಬಿಟ್ಟರು.

"ಅವಳಿಗೆ ಹೇಳಕೂಡದು. ಆ ಹೆಸರು ಕೇಳಿದ್ರೇ ಅರ್ಧ ಜೀವ ಹೋಗ್ತದೆ. ಗಡ್ಡೆ, ಮದ್ದಿಗೆ ಕರಗ್ತದೆ ಅಂತ ಹೇಳಿ."

"ಮೇಘಂಗೆ?" ಎಂದಳು ರೂಪಾ.

"ಅವಳಿಗೆ ಹೇಳಿದ್ರೆ ಇವಳಿಗೆ ಹೇಳಿದ ಹಾಗೇ. ಫೋನಲ್ಲೇ ಅತ್ತುಬಿಡ್ತಾಳೆ."

ಅದೇ ವಾರ ರೂಪಾ ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ತುಂಗಮ್ಮ ಕೇಳಿದರು. "ರೂಪಾ, ಅದಲ್ಲ ತಾನೇ?"

"ಯಾವುದು ಅತ್ತೆ?"

"ನಮ್ಮ ಚಿಕ್ಕಮ್ಮಂಗೆ ಆಗಿತ್ತಲ್ಲ, ಅದು."

"ಛೆ, ಅದಲ್ಲ. ಅದಾಗಿದ್ರೆ ಅಲ್ಲೇ ಅಡ್ಮಿಟ್ ಮಾಡ್ಕೊಳ್ತಿದ್ರು. ಮದ್ದು ಸ್ವಲ್ಪ ಸ್ಟ್ರಾಂಗು, ಕೂದಲು ಉದುರಬಹುದು ಅಂದಿದ್ದಾರೆ. ಮೂರು ಸಲ ಹೋಗಿಬಂದ್ರೆ ಆಯ್ತು."

ತುಂಗಮ್ಮ ಬೆರಳು ಮಡಿಚಿ ಲೆಕ್ಕ ಹಾಕಿದರು. "ಡಿಸೆಂಬರ್ ಕೊನೆಗೆ ಮುಗೀತದೆ. ಜನವರಿಗೆ ಸರಿಹೋಯ್ತು. ಮೇಘಂಗೆ ಮಾತ್ರ ಇದನ್ನ ಹೇಳ್ಬೇಡ ಮಾರಾಯ್ತಿ. ಅವಳಿಗೆ ಅಲ್ಲಿನ ನರ್ಸ್ ಲೈಸೆನ್ಸಿನ ಪರೀಕ್ಷೆ ಉಂಟು. ಫೇಲಾದ್ರೆ ಇನ್ನೊಂದೇ ಛಾನ್ಸಂತೆ. ಗಡ್ಡೆ ಗಿಡ್ಡೆ ಅಂದ್ರೆ ಓದೋದು ಬಿಟ್ಟು ಓಡಿ ಬರ್ತಾಳೆ."

ಹೀಗೆ ಮಗಳಿಗೆ ತಾಯಿಯ ಕಾಯಿಲೆ ತಿಳಿಯಲಿಲ್ಲ. ತಾಯಿಗೆ ಆ ಕಾಯಿಲೆ ಏನೆಂದು ತಿಳಿಯಲಿಲ್ಲ. ಎರಡೂ ತಿಳಿದಿದ್ದ ಮೂವರಲ್ಲಿ ಭಾನುವಾರ ಫೋನ್ ಹಿಡಿಯುವವಳು ರೂಪಾ.

*

ಸಮುದ್ರದಲ್ಲಿ ಸೀರೆ ಉಟ್ಟರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಚೂಡಿದಾರ್ ಹೊಲಿಸಿಕೋ ಎಂದು ಮೇಘಾ ಹಟ ಹಿಡಿದಿದ್ದಳು. ತುಂಗಮ್ಮ ಜೀವಮಾನದಲ್ಲಿ ಚೂಡಿದಾರ್ ಹಾಕಿದವರಲ್ಲ. ಬಣಕಲ್ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಮರಿಯಂ ಮನೆಗೇ ಬಂದು ಅಳತೆ ತೆಗೆದುಕೊಂಡು ಹೋಗಿದ್ದಳು. ಹಸಿರು ಒಂದು, ನೀಲಿ ಒಂದು.

ಮೊದಲ ಕೀಮೊ ಆಗಿ ಎರಡು ವಾರಕ್ಕೆ ಬಟ್ಟೆ ಹೊಲಿದು ತಂದಳು. ತುಂಗಮ್ಮ ಹಾಕಿಕೊಂಡು ಹೊರಬಂದರು. ಭುಜದ ಹೊಲಿಗೆ ತೋಳಿನ ಮೇಲೆ ಬಿದ್ದಿತ್ತು.

"ಅಯ್ಯ, ನಿನ್ನ ಟೇಪೇ ಸರಿ ಇಲ್ಲ ಮರಿಯಂ. ಇದ್ರೊಳಗೆ ನಮ್ಮನೆಯವ್ರೂ ಹಿಡೀತಾರೆ."

ಮರಿಯಂ ಮತ್ತೆ ಅಳತೆ ತೆಗೆದಳು. ಕುತ್ತಿಗೆ, ಭುಜ, ತೋಳು. ಹೊಟ್ಟೆಯ ಅಳತೆ ಮಾತ್ರ ಹೆಚ್ಚಾಗಿತ್ತು. ಹೊರಡುವಾಗ ರೂಪಾ ಅವಳನ್ನು ಗೇಟಿನವರೆಗೆ ಬಿಡಲು ಹೋದಳು.

"ಯಾವ ಕಾಯಿಲೆ ರೂಪಕ್ಕ?"

"ಗಡ್ಡೆ."

"ನಾನು ಇಪ್ಪತ್ತು ವರ್ಷದಿಂದ ಹೆಂಗಸ್ರ ಮೈ ಅಳತೆ ತೆಗೀತಾ ಇದ್ದೀನಿ. ಹೊಟ್ಟೆ ಬಿಟ್ಟು ಎಲ್ಲ ಕರಗೋದು ಯಾವಾಗ ಅಂತ ನಂಗೂ ಗೊತ್ತುಂಟು. ಮಗಳಿಗೆ ಹೇಳಿದ್ದೀರಾ?"

"ಪರೀಕ್ಷೆ ಉಂಟು ಅವಳಿಗೆ."

"ಪರೀಕ್ಷೆ ಆದ ಮೇಲೆ?"

"ನೋಡ್ಬೇಕು."

ಮರಿಯಂ ಬಟ್ಟೆಯ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. "ಎರಡೂ ಬದಿ ಒಳಗೆ ಮಡಚಿ ಹೊಲೀತೀನಿ. ಬಟ್ಟೆ ಕತ್ತರಿಸಲ್ಲ. ಮತ್ತೆ ದಪ್ಪ ಆದ್ರೆ ಬಿಚ್ಚಬಹುದು," ಎಂದು ಹೇಳಿ ಹೋದಳು.

ನವೆಂಬರ್ ಕೊನೆಗೆ ಪಾಸ್‌ಪೋರ್ಟುಗಳು ಪೋಸ್ಟಿನಲ್ಲಿ ಬಂದವು. ಅದೇ ವಾರ ತುಂಗಮ್ಮನ ಕೂದಲು ಹಿಡಿಹಿಡಿಯಾಗಿ ಬಾಚಣಿಗೆಗೆ ಬಂತು. ಭಾನುವಾರದ ಫೋನಿಗೆ ಏನು ಮಾಡುವುದೆಂದು ಯಾರೂ ಕೇಳುವ ಮೊದಲೇ ಅವರೇ ಉಪಾಯ ಹುಡುಕಿದ್ದರು. ಅರೇಬಿಕಾ ಕೊಯ್ಲು ನಡೆಯುತ್ತಿತ್ತು. ಹಣ್ಣು ಕೊಯ್ಯುವ ಹೆಂಗಸರು ಇರುವೆ, ಚಿಗಳಿ ತಲೆಗೆ ಬೀಳದಂತೆ ಬಟ್ಟೆ ಬಿಗಿಯುತ್ತಾರಲ್ಲ, ಹಾಗೆ ಒಂದು ಹಳೆಯ ಟವೆಲನ್ನು ಹುಬ್ಬಿನವರೆಗೆ ಎಳೆದು ಹಿಂದೆ ಗಂಟು ಹಾಕಿಕೊಂಡರು. ಮೇಲೊಂದು ಉದ್ದ ತೋಳಿನ ಅಂಗಿ. ಕಣದಲ್ಲಿ ಒಣಗುತ್ತಿದ್ದ ಕಾಫಿಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಬಿಸಿಲು ಹಿಂದಿನಿಂದ ಬೀಳುವಂತೆ ಕೂತರು.

"ಭಾನುವಾರಾನೂ ಹಣ್ಣು ಕೊಯ್ಯೋಕೆ ಹೋಗಿದ್ಯಾ ಅಮ್ಮ? ಎಷ್ಟು ಸೊರಗಿದ್ದೀಯ ನೋಡು!"

"ಆಳು ಕಡಿಮೆ ಮಾರಾಯ್ತಿ. ಜನವರೀಲಿ ಕೂತು ತಿನ್ನೋಕೆ ಉಂಟಲ್ಲ, ಆಗ ದಪ್ಪ ಆಗ್ತೀನಿ."

ದಿನವಿಡೀ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವ ಮಗಳಿಗೆ ಆ ತಲೆವಸ್ತ್ರದಲ್ಲಿ ಕೊಯ್ಲು ಮಾತ್ರ ಕಂಡಿತು. ಹುಟ್ಟಿದಂದಿನಿಂದ ನವೆಂಬರಿನಲ್ಲಿ ಅವಳು ತಾಯಿಯನ್ನು ನೋಡಿದ್ದೇ ಹಾಗೆ.

ಮಾತೆಲ್ಲ ದ್ವೀಪದ್ದೇ. ವಿಮಾನ ಇಳಿದ ಮೇಲೆ ಸ್ಪೀಡ್ ಬೋಟ್. ಬೋಟಿನಲ್ಲಿ ವಾಂತಿಯಾದರೆ ಮಾತ್ರೆ ಉಂಟು. ಮೀನುಗಳು ಕಾಲಿನ ಹತ್ತಿರವೇ ಬರುತ್ತವೆ, ಕಚ್ಚುವುದಿಲ್ಲ. ತುಂಗಮ್ಮ ಒಂದೊಂದನ್ನೂ ಎರಡು ಸಲ ಕೇಳುತ್ತಿದ್ದರು. ಅತ್ತೆ ಬರೀ ಮಗಳ ಸಂತೋಷಕ್ಕೆ ಹೀಗೆಲ್ಲ ಕೇಳುತ್ತಿಲ್ಲ, ನಿಜವಾಗಿಯೂ ಹೊರಟಿದ್ದಾರೆ ಎಂಬುದು ರೂಪಾಳಿಗೆ ಗೊತ್ತಿತ್ತು. ವಾಂತಿಯ ಬೋಗುಣಿ ತೊಳೆದು ಬಂದ ಕೈಯಲ್ಲೇ ಅವಳು ಫೋನಿನಲ್ಲಿ ಆ ನೀಲಿ ನೀರಿನ ಚಿತ್ರ ತೆಗೆದು ಅವರಿಗೆ ತೋರಿಸುತ್ತಿದ್ದಳು. ತೋರಿಸುತ್ತ ಕೆಲವೊಮ್ಮೆ ತಾನೂ ಮರೆಯುತ್ತಿದ್ದಳು.

*

ಡಿಸೆಂಬರ್ ಎರಡನೇ ಭಾನುವಾರ ಮೇಘಾ ಕುಣಿಯುತ್ತಲೇ ಫೋನ್ ಮಾಡಿದಳು. ಪರೀಕ್ಷೆ ಪಾಸಾಗಿತ್ತು. ಮಂಜಯ್ಯ "ಶಭಾಷ್" ಎಂದರು. ತುಂಗಮ್ಮ ಕಣ್ಣೊರೆಸಿಕೊಂಡರು. ಎರಡನೇ ಕೀಮೊ ಆಗಿ ಅವರಿಗೆ ಮನೆಯಿಂದ ಕಣದವರೆಗೆ ಬರಲು ರೂಪಾಳ ಭುಜ ಬೇಕಾಗಿತ್ತು.

"ಇನ್ನೊಂದು ವಿಷ್ಯ," ಎಂದಳು ಮೇಘಾ. "ನನ್ನ ವಾರ್ಡಿನ ಒಬ್ಳಿಗೆ ಜನವರಿ ರಜೆ ಬೇಕಂತೆ. ಅವಳ ಕ್ರಿಸ್‌ಮಸ್ ರಜೆ ನಂಗೆ ಕೊಡ್ತಾಳಂತೆ. ಒಪ್ಪಿದ್ರೆ ಮುಂದಿನ ಶುಕ್ರವಾರವೇ ಹೊರಡಬಹುದು. ಆದ್ರೆ ಆಗ ದ್ವೀಪದಲ್ಲಿ ರೇಟು ದುಪ್ಪಟ್ಟು, ಜಾಗಾನೂ ಇಲ್ಲ. ಅದನ್ನ ಬಿಟ್ಟು ಸೀದಾ ಮನೆಗೇ ಬರ್ತೀನಿ. ಇಲ್ಲ, ಜನವರಿಗೇ ಇರಲಿ ಅಂದ್ರೆ ದ್ವೀಪ. ಇವತ್ತೇ ಹೇಳ್ಬೇಕು ಅವಳಿಗೆ. ಯಾವುದು ಅಮ್ಮ?"

ಫೋನ್ ರೂಪಾಳ ಕೈಯಲ್ಲಿತ್ತು. ಮುಂದಿನ ಶುಕ್ರವಾರ. ಒಂದು ಮಾತು ಹೇಳಿದರೆ ಸಾಕು.

ಅವಳು ಮಾವನ ಕಡೆ ನೋಡಿದಳು. ಮಂಜಯ್ಯ ಆಗಲೇ ಮನೆಯ ಕಡೆ ತಿರುಗಿದ್ದರು. ನಂದನ್ ಕಣದ ಆ ತುದಿಯಲ್ಲಿ ಒಣಗಲು ಹಾಕಿದ್ದ ಪಾರ್ಚ್‌ಮೆಂಟ್ ಕಾಫಿಯನ್ನು ಹರವಿ ಎಳೆಯುತ್ತಿದ್ದ. ಮಾತು ಕೇಳಿಸಿತ್ತು, ಎಳೆಯುವ ಕೈ ನಿಂತಿತ್ತು. ರೂಪಾ ನೋಡುತ್ತಿದ್ದಾಳೆಂದು ಗೊತ್ತಾದದ್ದೇ ಮತ್ತೆ ಎಳೆಯತೊಡಗಿದ.

"ಜನವರಿಗೇ ಇರಲಿ," ಎಂದರು ತುಂಗಮ್ಮ.

"ನಿಜವಾಗ್ಲೂ ಅಮ್ಮ? ನನ್ನನ್ನ ನೋಡ್ಬೇಕು ಅನ್ನಿಸಲ್ವಾ?"

"ಅನ್ನಿಸ್ತದೆ. ಆದ್ರೆ ಈಗ ಬಂದ್ರೆ ನೀನು ಮತ್ತೆ ನನ್ನ ಬೆನ್ನೇ ನೋಡ್ಬೇಕು. ಜನವರೀಲಿ ಮುಖ ನೋಡು." ಆಮೇಲೆ ರೂಪಾಳ ಕಡೆ ಬಾಗಿ, ಫೋನಿಗೆ ಕೇಳದಂತೆ, "ಆಗ ಮದ್ದೂ ಮುಗಿದಿರ್ತದೆ, ಕೂದ್ಲೂ ಒಂಚೂರು ಬಂದಿರ್ತದೆ. ಈಗ ಈ ಬೋಳು ತಲೆ ನೋಡಿದ್ರೆ ಹೆದರ್ತಾಳೆ," ಎಂದರು.

"ಅತ್ತಿಗೆ, ನೀವೇನಂತೀರಿ?" ಎಂದಳು ಮೇಘಾ.

ತುಂಗಮ್ಮ ಸೊಸೆಯ ಸೆರಗಿನ ತುದಿ ಹಿಡಿದು ಜಗ್ಗಿದರು.

"ಅತ್ತೆ ಹೇಳಿದ ಹಾಗೇ," ಎಂದಳು ರೂಪಾ. "ಜನವರಿಗೇ ಇರಲಿ."

ಸಂಜೆ ತುಂಗಮ್ಮ ಗಂಜಿ ಕುಡಿದು ಮಲಗಿದ ಮೇಲೆ ಉಳಿದ ಮೂವರು ಊಟಕ್ಕೆ ಕೂತರು. ರೂಪಾ ಅನ್ನದ ಪಾತ್ರೆಯನ್ನು ಸದ್ದು ಬರುವಂತೆ ಇಟ್ಟಳು.

"ಕೇಳಿಸ್ಲಿಲ್ವಾ ನಿಮ್ಗೆ? ಮುಂದಿನ ಶುಕ್ರವಾರ ಬರ್ತಿದ್ಲು ಅವಳು."

"ಕೇಳಿಸ್ತು," ಎಂದ ನಂದನ್.

"ಮತ್ತೆ?"

"ಫೋನು ನಿನ್ನ ಕೈಲಿತ್ತು. ನೀನೇ ಹೇಳ್ಬಹುದಿತ್ತಲ್ಲ."

"ನಿಮ್ಮಮ್ಮ ಪಕ್ಕದಲ್ಲಿ ಕೂತಿದ್ರು. ಅವ್ರ ಮುಂದೆ ಎಂತ ಹೇಳ್ಲಿ? ನಿಮ್ಮಮ್ಮ ಸಾಯ್ತಾ ಇದ್ದಾರೆ, ಬೇಗ ಬಾ ಅಂತಲಾ?"

"ಮೆಲ್ಲಗೆ," ಎಂದರು ಮಂಜಯ್ಯ.

"ಮೆಲ್ಲಗೇ ಮಾತಾಡಿ ಇಲ್ಲಿಗೆ ಬಂತು ಮಾವ. ಇವತ್ತೇ ಬೇರೆಯಾಗಿ ಫೋನ್ ಮಾಡಿ ಹೇಳಿ ಅವಳಿಗೆ. ನೀವು ಅಪ್ಪ."

ಮಂಜಯ್ಯ ಅನ್ನ ಕಲಸುತ್ತಲೇ ಇದ್ದರು, ಬಾಯಿಗೆ ಇಡಲಿಲ್ಲ. "ಎರಡನೇ ಮದ್ದಿಗೆ ಹೊಟ್ಟೇಲಿ ತುಂಬಿದ್ದ ನೀರು ಇಳಿದಿದೆ ಅಂದಿದ್ದಾರೆ ಡಾಕ್ಟ್ರು. ಇಷ್ಟು ಇಳಿದದ್ದು ಇನ್ನೂ ಇಳೀಬಹುದು. ಅವಳು ಈಗ ದಿಢೀರ್ ಅಂತ ಬಂದು ನಿಂತ್ರೆ ತುಂಗಂಗೆ ಗೊತ್ತಾಗ್ತದೆ. ಗೊತ್ತಾದ್ರೆ ಎದೆ ಒಡ್ಕೊಳ್ತಾಳೆ. ಒಂದು ತಿಂಗಳು. ಒಂದೇ ತಿಂಗಳಲ್ವಾ? ಜನವರಿ ಹತ್ತನೇ ತಾರೀಕಿನ ಹೊತ್ತಿಗೆ ನಾನೇ ಹೇಳ್ತೀನಿ, ದ್ವೀಪ ಬೇಡ, ಇಲ್ಲಿಗೇ ಬಾ ಅಂತ."

"ಹತ್ತನೇ ತಾರೀಕು," ಎಂದ ನಂದನ್, ಒಪ್ಪಿದವನ ಹಾಗೆ.

ರೂಪಾ ತಟ್ಟೆ ಎತ್ತಿಕೊಂಡು ಅಡಿಗೆಮನೆಗೆ ಹೋದಳು. ಮೇಘಾಳ ನಂಬರ್ ಅವಳ ಫೋನಿನಲ್ಲೂ ಇತ್ತು. ಕಣದ ಮೂಲೆಗೆ ನೂರು ಹೆಜ್ಜೆ. ಅವಳು ಪಾತ್ರೆ ತೊಳೆದಳು, ಒಲೆ ಒರೆಸಿದಳು, ಅತ್ತೆಗೆ ಬೆಳಗಿನ ಮಾತ್ರೆ ತೆಗೆದಿಟ್ಟಳು.

*

ಮೂರನೇ ಕೀಮೊ ಕ್ರಿಸ್‌ಮಸ್ ಕಳೆದ ಮೇಲೆ ಆಯಿತು. ಜನವರಿ ಐದರಂದು ತುಂಗಮ್ಮನಿಗೆ ಚಳಿಜ್ವರ ಹಿಡಿಯಿತು. ಮೈಯಲ್ಲಿ ಸೋಂಕು ತಡೆಯುವ ಶಕ್ತಿ ಉಳಿದಿರಲಿಲ್ಲ. ಮಂಗಳೂರು ಮುಟ್ಟುವಷ್ಟರಲ್ಲಿ ಬಿ.ಪಿ. ಇಳಿದಿತ್ತು. ಐಸಿಯು ಬಾಗಿಲಿನ ಹೊರಗೆ ನಿಂತು ನಂದನ್ ತಂಗಿಗೆ ಫೋನ್ ಮಾಡಿದ. ಅವನು ಏನು ಹೇಳಿದನೋ, ರೂಪಾ ಹತ್ತಿರ ಬರುವಷ್ಟರಲ್ಲಿ ಹೇಳಿಯಾಗಿತ್ತು. ಫೋನಿನಿಂದ ಮೇಘಾಳ ಒಂದೇ ಮಾತು ಮತ್ತೆ ಮತ್ತೆ ಬರುತ್ತಿತ್ತು: "ಯಾವಾಗಿಂದ? ಯಾವಾಗಿಂದ ಅಣ್ಣ?"

ಅವಳು ಸಿಕ್ಕ ವಿಮಾನ ಹತ್ತಿದಳು. ಅವಳಿನ್ನೂ ದಾರಿಯಲ್ಲಿರುವಾಗಲೇ ತುಂಗಮ್ಮ ಹೋದರು.

ಮೂಡಿಗೆರೆಯಿಂದ ಬಾಡಿಗೆಗೆ ತಂದ ಫ್ರೀಜರ್ ಪೆಟ್ಟಿಗೆಯಲ್ಲಿ ಹೆಣ ಇಟ್ಟು ಕಾದರು. ಮರುದಿನ ಮಧ್ಯಾಹ್ನ ಮೇಘಾ ದಪ್ಪ ಕೋಟಿನಲ್ಲೇ ಕಾರಿನಿಂದ ಇಳಿದಳು. ಗಾಜಿನ ಮುಚ್ಚಳ ತೆಗೆಸಿದಳು. ತಾಯಿಯ ತಲೆಯ ಮೇಲಿಂದ ಸೆರಗು ಸರಿಸಿ ನೋಡಿದಳು. ಉಗುರುಗಳನ್ನು ನೋಡಿದಳು. ಕೈಯ ಮೇಲೆ ಸೂಜಿ ಚುಚ್ಚಿ ಕಪ್ಪಾದ ಕಡೆಗಳನ್ನು ಒಂದೊಂದಾಗಿ ಮುಟ್ಟಿದಳು. ಅವಳಿಗೆ ಯಾರೂ ಏನನ್ನೂ ವಿವರಿಸಬೇಕಾಗಲಿಲ್ಲ. ಸೆರಗನ್ನು ಮೊದಲಿದ್ದ ಹಾಗೇ ಹೊದಿಸಿದಳು. ಆಮೇಲೆ ಅತ್ತಳು.

ಆ ದಿನಗಳಲ್ಲಿ ಅವಳು ಯಾರನ್ನೂ ಬೈಯಲಿಲ್ಲ. ಬಂದವರೆಲ್ಲರ ಮುಂದೆ ಒಂದೇ ಮಾತು ಹೇಳುತ್ತಿದ್ದಳು. "ಅಮ್ಮಂಗೆ ನನ್ನ ಪರೀಕ್ಷೆ ದೊಡ್ಡದಾಯ್ತು. ಎಲ್ಲ ಗೊತ್ತಿದ್ದೂ ನಂಗೆ ಹೇಳ್ಬೇಡಿ ಅಂದ್ಲಂತೆ. ಅವಳ ಬುದ್ಧಿಯೇ ಅಂಥದ್ದು." ಹಾಗೆ ಹೇಳುವಾಗ ಅವಳಿಗೆ ಕೊಂಚ ಸಮಾಧಾನವಾಗುತ್ತಿತ್ತು. ಕೇಳಿದವರು ತಲೆದೂಗುತ್ತಿದ್ದರು. ಮಂಜಯ್ಯ, ನಂದನ್, ರೂಪಾ ಅದನ್ನು ತಿದ್ದಲಿಲ್ಲ.

ಹನ್ನೊಂದನೇ ದಿನದ ತಿಥಿಗೆ ಮಂಜಯ್ಯನ ಅಕ್ಕ ವಿಶಾಲಾಕ್ಷಮ್ಮ ಮುಂಚಿನ ದಿನವೇ ಬಂದು ಅಡಿಗೆಮನೆಯ ಯಜಮಾನಿಕೆ ವಹಿಸಿಕೊಂಡರು. ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಬಾಳೆ ಎಲೆಯಲ್ಲಿ ಎಡೆ ಇಡಬೇಕು.

"ತುಂಗಂಗೆ ಎಂತ ಇಷ್ಟ? ಹೇಳಿ, ಈಗಲೇ ಹೊಂದಿಸ್ಬೇಕು," ಎಂದು ಅವರು ಜಗಲಿಯಲ್ಲಿ ಕೂತಿದ್ದವರನ್ನು ಕೇಳಿದರು.

"ಕಡುಬು, ಕೋಳಿ ಸಾರು," ಎಂದರು ಮಂಜಯ್ಯ.

"ಅದು ನಿಂಗಿಷ್ಟ ಮಾರಾಯ. ನಾನು ಅವಳದ್ದು ಕೇಳಿದ್ದು."

"ಅಕ್ಕಿ ರೊಟ್ಟಿ?" ಎಂದ ನಂದನ್.

"ಅದು ನಿಂಗೆ," ಎಂದಳು ಮೇಘಾ. "ಹೋಳಿಗೆ ನಂಗೆ. ಅಮ್ಮಂಗೆ ಏನು?"

ಅಮ್ಮ ಎಲ್ಲರೂ ಎದ್ದ ಮೇಲೆ ಕೂತು, ಉಳಿದದ್ದನ್ನು ಉಂಡವಳು. ಏನು ಉಳಿಯುತ್ತಿತ್ತೋ ಅದನ್ನು ಉಂಡಳು. ಇಷ್ಟ ಯಾವುದೆಂದು ಯಾರು ಕೇಳಿದ್ದರು?

"ದ್ವೀಪದಲ್ಲಿ ಊಟಕ್ಕೆ ನಲವತ್ತು ಐವತ್ತು ಬಗೆ ಇಟ್ಟಿರ್ತಾರೆ," ಎಂದಳು ಮೇಘಾ, ಯಾರಿಗೂ ಅಲ್ಲದ ಹಾಗೆ. "ಅಮ್ಮನ ಕೈಗೆ ಖಾಲಿ ತಟ್ಟೆ ಕೊಟ್ಟು, ಏನು ಹಾಕ್ಕೊಳ್ತಾಳೆ ಅಂತ ನೋಡೋಣ ಅಂದ್ಕೊಂಡಿದ್ದೆ."

ರೂಪಾ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಗೊತ್ತಿತ್ತು.

"ನೀರುದೋಸೆ," ಎಂದಳು.

ಎಲ್ಲರೂ ತಿರುಗಿದರು.

"ಮೂರನೇ ಸಲ ಆಸ್ಪತ್ರೆಯಿಂದ ಬರುವಾಗ ಕೊಟ್ಟಿಗೆಹಾರದಲ್ಲಿ ಕಾರು ನಿಲ್ಸು ಅಂದ್ರು. ನೀರುದೋಸೆ ತಿನ್ಬೇಕು, ಸಣ್ಣವಳಿದ್ದಾಗ ಅಪ್ಪ ಕೊಡಿಸ್ತಿದ್ರು, ಬೇರೆಯವ್ರು ಮಾಡಿ ಕೊಟ್ಟ ದೋಸೆ ತಿಂದು ಎಷ್ಟು ವರ್ಷ ಆಯ್ತು ಅಂದ್ರು. ಹೊರಗಿಂದು ತಿನ್ನಿಸ್ಬೇಡಿ ಅಂದಿದ್ರು ಡಾಕ್ಟ್ರು. ಇವ್ರು ನಿಲ್ಲಿಸ್ಲಿಲ್ಲ."

ನಂದನ್ ಎದ್ದು ಅಂಗಳಕ್ಕೆ ಇಳಿದ.

"ಅಮ್ಮ ಏನಂದ್ಲು?" ಎಂದು ಕೇಳಿದಳು ಮೇಘಾ.

"ಇರ್ಲಿ ಬಿಡು, ಗುಣ ಆದ್ಮೇಲೆ ಮೇಘನ್ನೂ ಕರ್ಕೊಂಡು ಬಂದು ತಿನ್ನೋಣ ಅಂದ್ರು."

ಮಾತು ಬಾಯಿಂದ ಬಿದ್ದ ಮೇಲೆ ರೂಪಾಳಿಗೆ ತಾನು ಹೇಳಿದ್ದೇನೆಂದು ತಿಳಿಯಿತು. ಮೇಘಾ ಮೆಲ್ಲಗೆ ಎದ್ದು ಅವಳ ಎದುರಿಗೆ ಬಂದಳು.

"ಗುಣ ಆದ್ಮೇಲೆ?"

ರೂಪಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅಮ್ಮಂಗೆ ಗೊತ್ತಿರ್ಲಿಲ್ವಾ ಅತ್ತಿಗೆ?"

"ಇಲ್ಲ."

"ಏನಂತ ಹೇಳಿದ್ರಿ ಅವಳಿಗೆ?"

"ಗಡ್ಡೆ. ಮದ್ದಿಗೆ ಕರಗ್ತದೆ ಅಂತ."

"ಅವತ್ತು ಕಣದಲ್ಲಿ ನಾನು ಕೇಳಿದಾಗ... ಡಿಸೆಂಬರಾ, ಜನವರಿಯಾ ಅಂತ..."

"ಅವ್ರಿಗೆ ಗೊತ್ತಿರ್ಲಿಲ್ಲ. ಜನವರಿಗೆ ಗುಣ ಆಗ್ತೀನಿ ಅಂದ್ಕೊಂಡಿದ್ರು. ನಿನ್ನ ಜೊತೆ ಸಮುದ್ರಕ್ಕೆ ಹೋಗ್ತೀನಿ ಅಂದ್ಕೊಂಡಿದ್ರು."

ಮಂಜಯ್ಯ "ನಾನೇ ಹೇಳ್ಬೇಡಿ ಅಂದಿದ್ದು ಮಗಾ" ಎಂದು ಶುರುಮಾಡಿದರು. ಮೇಘಾ ಅವರ ಕಡೆ ತಿರುಗಲೂ ಇಲ್ಲ.

"ಗೊತ್ತಿದ್ದಿದ್ರೆ ಅಮ್ಮ ಯಾವುದು ಅಂತಿದ್ಲು ಅತ್ತಿಗೆ?"

ಅದಕ್ಕೆ ರೂಪಾಳ ಹತ್ತಿರ ಉತ್ತರವಿತ್ತು. ಮೇಘಾಳ ಹತ್ತಿರವೂ ಇತ್ತು.

"ಅಕ್ಕಿ ನಾನು ನೆನೆಸ್ತೀನಿ. ದೋಸೆ ನಾನೇ ಮಾಡೋದು. ನೀವ್ಯಾರೂ ಕೈ ಹಾಕ್ಬೇಡಿ," ಎಂದಳು ಮೇಘಾ.

ಮರುದಿನ ಬೆಳಿಗ್ಗೆ ಅವಳು ಸ್ನಾನ ಮಾಡಿ ಬಂದು ಒಲೆಯ ಮುಂದೆ ನಿಂತಳು. ಜರ್ಮನಿಯಲ್ಲಿ ಬ್ರೆಡ್ಡು ತಿಂದು ಬದುಕಿದವಳು, ನೀರುದೋಸೆ ಹುಯ್ದು ವರ್ಷಗಳಾಗಿದ್ದವು. ರೂಪಾ ತನ್ನದೇ ಅಡಿಗೆಮನೆಯ ಹೊಸ್ತಿಲ ಹೊರಗೆ ನಿಂತು ನೋಡಿದಳು. ಮೊದಲ ದೋಸೆ ಕಾವಲಿಗೆ ಹಿಡಿದು ಮುದ್ದೆಯಾಯಿತು. ಎರಡನೆಯದು ಹರಿಯಿತು. ಮೇಘಾ ಮೂರನೆಯದಕ್ಕೆ ಹಿಟ್ಟು ತೆಗೆದಳು.

"ಕಾವಲಿ ಇನ್ನೂ ಕಾದಿಲ್ಲ, ಮೇಘಾ," ಎಂದಳು ರೂಪಾ.

ಮೇಘಾಳ ಕೈ ಅಲ್ಲೇ ನಿಂತಿತು. ತಿರುಗಿ ನೋಡದೆ, ತಗ್ಗಿದ ದನಿಯಲ್ಲಿ, "ಇದನ್ನಾದ್ರೂ ಹೇಳಿದ್ರಲ್ಲ ಅತ್ತಿಗೆ," ಎಂದಳು.

ಒಲೆಯ ಉರಿ ದೊಡ್ಡದು ಮಾಡಿ ಕಾದಳು.